ಸರ್ಕಾರಿ ಕಚೇರಿಯಲ್ಲಿ ಹೊಸದು ಮಾಡಬೇಕಾದರೆ ಬಕೆಟ್ ಹಿಡಿಯಲೇಬೇಕಾ?

ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿ ಒಂದು ವರ್ಷ, ಏನು ಸಲಹೆ ಕೊಟ್ಟರೂ ಮೂಲೆಗೆ ಬೀಳುತ್ತದೆ, ಕೆಲಸದಲ್ಲಿ ಖುಷಿನೇ ಇಲ್ಲ, ಆಫೀಸ್ ರಾಜಕೀಯ ಕಲಿಯಬೇಕಾ ಅಂತ ಕೇಳಿದ್ದೀರಿ. ಕಲಿಯಿರಿ. ಆದರೆ ಬಕೆಟ್ ಹಿಡಿಯೋದೇ ಬೇರೆ, ಇದೇ ಬೇರೆ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿದ್ದೆ. ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ಯಾವ ಊರಿನದು ಯಾವ ಗಂಟಿನಲ್ಲಿದೆ ಅಂತ ಗೊತ್ತಿದ್ದದ್ದು ಒಬ್ಬ ಅಟೆಂಡರಿಗೆ ಮಾತ್ರ. ಅವರು ರಜೆ ಹಾಕಿದ ದಿನ ನಕಲು ಕೇಳಲು ಬಂದವರಿಗೆ ‘ನಾಳೆ ಬಾ’. ನಾನು ಊರುವಾರು ಪಟ್ಟಿಯ ಒಂದು ಎಕ್ಸೆಲ್ ಮಾದರಿ ಮಾಡಿ ಸೀದಾ ತಹಶೀಲ್ದಾರರ ಮುಂದಿಟ್ಟೆ. ಅವರು ಮೆಚ್ಚಿ ಶಿರಸ್ತೇದಾರರಿಗೆ ಕಳಿಸಿದರು. ಅಲ್ಲಿಗೆ ಕಥೆ ಮುಗಿಯಿತು. ತಮ್ಮನ್ನು ದಾಟಿ ಹೋದೆ ಅಂತ ಶಿರಸ್ತೇದಾರರಿಗೆ ಸಿಟ್ಟು. ತನ್ನ ಬೆಲೆ ಹೋಯಿತು ಅಂತ ಅಟೆಂಡರಿಗೆ ಭಯ. ಆರು ತಿಂಗಳು ಬೆಳಿಗ್ಗೆ ಎದ್ದು ಆಫೀಸಿಗೆ ಹೋಗೋದೇ ಬೇಜಾರಾಗಿತ್ತು.

ಮತ್ತೆ ಶುರುವಾಗಿದ್ದು ಟೀ ಅಂಗಡಿಯಲ್ಲಿ. ‘ಅಣ್ಣ, ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ’ ಅಂದೆ ಅಟೆಂಡರಿಗೆ. ಶಿರಸ್ತೇದಾರರ ಹತ್ತಿರ, ಸರ್ಕಾರಿ ಸೇವೆಯನ್ನು ಗೊತ್ತುಮಾಡಿದ ದಿನದೊಳಗೆ ಕೊಡಲೇಬೇಕು ಅನ್ನೋ ‘ಸಕಾಲ’ ಕಾಯ್ದೆಯ ಮಾತು ತೆಗೆದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆ ಕಾಯ್ದೆಯಲ್ಲಿ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ದುಡ್ಡು ಸಣ್ಣದು, ಆದರೆ ತಲೆಬಿಸಿ ದೊಡ್ಡದು ಅಲ್ವಾ? ‘ಸಾರ್, ಪ್ರತಿ ಸಲ ಸಮಜಾಯಿಷಿ ಬರೆಯೋದು ತಪ್ಪುತ್ತೆ’ ಅಂದೆ. ಈ ಸಲ ಟಿಪ್ಪಣಿ ಅವರ ಸಹಿಯಲ್ಲೇ ಮೇಲಕ್ಕೆ ಹೋಯಿತು.

ಆಮೇಲೆ ಓದಿದಾಗ ಗೊತ್ತಾಯಿತು, ಇದಕ್ಕೆ ‘ರಾಜಕೀಯ ಕೌಶಲ’ ಅಂತಲೇ ಹೆಸರಿದೆ. ಅಮೆರಿಕದ ಮ್ಯಾನೇಜ್‌ಮೆಂಟ್ ಸಂಶೋಧಕ ಜೆರಾಲ್ಡ್ ಫೆರಿಸ್ ಮತ್ತು ಸಂಗಡಿಗರು ಅದನ್ನು ಅಳೆಯಲು 2005ರಲ್ಲಿ 18 ಅಂಶಗಳ ಪ್ರಶ್ನಾವಳಿಯನ್ನೇ ಪ್ರಕಟಿಸಿದ್ದಾರೆ. ಎದುರಿನವರ ಮನಸ್ಸು ಓದೋದು, ಮಾತಿನಲ್ಲಿ ಒಲಿಸೋದು, ಒಡನಾಟ ಬೆಳೆಸೋದು, ಪ್ರಾಮಾಣಿಕರಾಗಿ ಕಾಣೋದು, ಇವು ಅದರ ನಾಲ್ಕು ಭಾಗ. ‘ಕಾಣೋದು’ ಅನ್ನೋದನ್ನು ಓದಿ ನಗು ಬಂತು. ಹತ್ತು ಜನರ ಕಚೇರಿಯಲ್ಲಿ ಬರೀ ಕಾಣೋಕೆ ಪ್ರಾಮಾಣಿಕರಾದರೆ ಮೂರೇ ತಿಂಗಳಿಗೆ ಬಣ್ಣ ಬಯಲು.

ಹಾಗಾಗಿ ಮುಂದಿನ ಸಲಹೆ ಕೊಡುವ ಮುಂಚೆ, ಅದರಿಂದ ಯಾರ ಕೆಲಸ ಜಾಸ್ತಿಯಾಗುತ್ತೆ, ಯಾರ ಗತ್ತು ಕಮ್ಮಿಯಾಗುತ್ತೆ ನೋಡಿಕೊಳ್ಳಿ. ಮೊದಲ ಟೀ ಅವರ ಜೊತೆ ಕುಡಿಯಿರಿ. ಫೈಲ್ ಆಮೇಲೆ. ಹೀಗೆ ಮಾಡಿದರೂ ಎಲ್ಲವೂ ಗೆಲ್ಲುತ್ತೆ ಅಂತಿಲ್ಲ. ನನ್ನವೇ ಎರಡು ಸಲಹೆ ಇನ್ನೂ ಧೂಳು ತಿನ್ನುತ್ತಿವೆ.

ಇನ್ನು ಖುಷಿ. ನನಗೆ ವರ್ಗವಾಗುವ ವಾರ ಹೊಸ ಹುಡುಗನೊಬ್ಬ ಬಂದಿದ್ದ. ಅಟೆಂಡರ್ ಅವನಿಗೆ ಪಟ್ಟಿ ತೋರಿಸಿ, ‘ಇದೆಲ್ಲ ನಾನೇ ಮಾಡ್ಸಿದ್ದು ಕಣಪ್ಪ’ ಅಂದರು. ನಾನು ಪಕ್ಕದಲ್ಲೇ ಇದ್ದೆ. ಸುಮ್ನೆ ನಕ್ಕೆ.