ಕಷಾಯ ಮಾಡುವಾಗ ಕುದಿಸುವುದೇಕೆ? ಬಿಸಿನೀರಲ್ಲಿ ನೆನೆಸಿದರೆ ಸಾಲದೇ?

ಎಲೆ, ಹೂವಿಗಾದರೆ ನೆನೆಸಿದರೆ ಸಾಕು. ಬೇರು, ತೊಗಟೆ, ಕಾಂಡ, ಗಟ್ಟಿ ಬೀಜಕ್ಕೆ ಅದು ಸಾಲದು. ಅವುಗಳ ಸಾರ ದಪ್ಪ ಕೋಶಗೋಡೆಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ನೀರು ಒಳಗೆ ಹೊಕ್ಕು ಅದನ್ನು ಕರಗಿಸಿ ಹೊರಗೆ ತರಬೇಕು. ಅದಕ್ಕೆ ಶಾಖವೂ ಬೇಕು, ಸಮಯವೂ ಬೇಕು.

ಒಣ ಜೇಷ್ಠಮಧುವಿನ ತುಂಡನ್ನೇ ನೋಡಿ. ಕಡ್ಡಿಯ ಹಾಗೆ ಗಟ್ಟಿ. ಜಜ್ಜಿ, ತಣ್ಣೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ನಾರು ಮೆತ್ತಗಾಗುತ್ತದೆ, ನೀರು ಹಳದಿಗೆ ತಿರುಗಿ ಸಿಹಿಯಾಗುತ್ತದೆ. ಜಜ್ಜುವುದು ಸುಮ್ನೆ ಅಲ್ಲ. ತುಂಡು ಚಿಕ್ಕದಾದಷ್ಟೂ ನೀರು ತಾಗುವ ಜಾಗ ಜಾಸ್ತಿ.

ಆದರೆ ಕುದಿಸಿದರೆ ಎಲ್ಲವೂ ಸಿಗುತ್ತದೆ ಅಂತಲ್ಲ. ಪರಿಮಳ ಕೊಡುವ ಎಣ್ಣೆಗಳು ಹಬೆಯ ಜೊತೆ ಹಾರಿಹೋಗುತ್ತವೆ. ಪುದೀನ ಕುದಿಸಿದಾಗ ಮನೆಯೆಲ್ಲ ಘಮ್ಮೆನ್ನುತ್ತದೆ ಅಲ್ವಾ, ಅಷ್ಟೂ ಪಾತ್ರೆಯಿಂದ ಹೋದದ್ದೇ! ಕೆಲವು ಅಂಶಗಳಂತೂ ಶಾಖಕ್ಕೆ ಕೆಟ್ಟೇಹೋಗುತ್ತವೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ಚೀನಾದ ವಿಜ್ಞಾನಿ ತು ಯೂಯೂ ಅವರದು. ಮಲೇರಿಯಾ ಔಷಧಿ ಹುಡುಕುತ್ತಿದ್ದ ಅವರಿಗೆ, ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂಬ ಹಳೆಯ ವೈದ್ಯ ಗೆ ಹಾಂಗ್ ಅವರ ಮಾತು ಕಣ್ಣಿಗೆ ಬಿತ್ತು. ಕುದಿಸು ಎಂದು ಅಲ್ಲಿರಲಿಲ್ಲ. 1971ರಲ್ಲಿ ಅವರು ಕಡಿಮೆ ಶಾಖದಲ್ಲೇ ಈಥರ್ ಎಂಬ ದ್ರವ ಬಳಸಿ ಸಾರ ತೆಗೆದರು, ಅದು ಕೆಲಸ ಮಾಡಿತು. ಆ ಸಾರದಲ್ಲಿದ್ದ ಔಷಧಿಯೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು.

ಇನ್ನೊಂದು ಮಾತು. ಕುದಿಸಿದರೆ ಗಿಡದ ವಿಷವೆಲ್ಲ ಹೋಗುತ್ತದೆ ಎಂದು ನಂಬಬೇಡಿ. ನೀರು ಇಂಗಿದಂತೆ ಕೆಲವು ವಿಷಗಳು ಇನ್ನೂ ಗಾಢವಾಗುತ್ತವೆ. ಗುರುತು ಖಚಿತವಿಲ್ಲದ ಗಿಡವನ್ನು ಪಾತ್ರೆಗೇ ಹಾಕಬೇಡಿ.