ಥಂಡರ್‌ಬರ್ಡ್‌ನಲ್ಲಿ ನ್ಯೂಸ್‌ಗ್ರೂಪ್ ಪಟ್ಟಿ ಖಾಲಿ ಬಂದರೆ
ಸರ್ವರ್ ಹೆಸರು ಸರಿಯಿದ್ದೂ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ನ್ಯೂಸ್‌ಗ್ರೂಪ್‌ಗಳ (ಆನ್‌ಲೈನ್ ಚರ್ಚಾ ಗುಂಪುಗಳ) ಪಟ್ಟಿ ಖಾಲಿ ಬರುತ್ತಿದೆ ಅಂದರೆ, ಬಹುಶಃ ಪೋರ್ಟ್ (ಸರ್ವರ್‌ಗೆ ಸಂಪರ್ಕ ಹೋಗುವ ದಾರಿಯ ಸಂಖ್ಯೆ) ತೊಂದರೆ. ಮಾಮೂಲಿ 119ನ್ನು ಎಷ್ಟೋ ಆಫೀಸ್ ನೆಟ್‌ವರ್ಕ್‌ಗಳಲ್ಲಿ ಮುಚ್ಚಿರುತ್ತಾರೆ. ಮೊದಲು ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ. ಅಲ್ಲಿ ಪಟ್ಟಿ ಬಂದರೆ ಪೋರ್ಟ್‌ನದೇ ತೊಂದರೆ, ಅನುಮಾನವೇ ಇಲ್ಲ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಆ ಸರ್ವರ್ ತೆರೆದು, ಕನೆಕ್ಷನ್ ಸೆಕ್ಯುರಿಟಿಗೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಿ. ಪೋರ್ಟ್ 563 ಆಗಬೇಕು, ಆಗದಿದ್ದರೆ ನೀವೇ ಟೈಪ್ ಮಾಡಿ.

ಹಾಟ್‌ಸ್ಪಾಟ್‌ನಲ್ಲೂ ಖಾಲಿನಾ? ಹಾಗಾದರೆ ಸರ್ವರ್‌ಗೆ ಲಾಗಿನ್ ಬೇಕಿರಬಹುದು. ಅದೇ ಪುಟದಲ್ಲಿ, ಕನೆಕ್ಟ್ ಆಗುವಾಗೆಲ್ಲ ಪಾಸ್‌ವರ್ಡ್ ಕೇಳುವ ಆಯ್ಕೆಗೆ ಟಿಕ್ ಹಾಕಿ.

ಪಟ್ಟಿ ಬರಲಿಲ್ಲ ಅಂತ ಸುಮ್ನೆ ಗೂಗಲ್ ಗ್ರೂಪ್ಸ್‌ಗೆ ಹೋಗಬೇಡಿ. 2024ರ ಫೆಬ್ರವರಿಯಿಂದ ಅಲ್ಲಿ ಯೂಸ್‌ನೆಟ್‌ನ (ಈ ನ್ಯೂಸ್‌ಗ್ರೂಪ್‌ಗಳ ಜಾಲದ) ಹಳೇ ಪೋಸ್ಟ್‌ಗಳಷ್ಟೇ ಸಿಗೋದು, ಹೊಸ ಪ್ರಶ್ನೆ ಹಾಕಲು ಆಗಲ್ಲ.

ಇಷ್ಟಾದ ಮೇಲೆ ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸಬ್‌ಸ್ಕ್ರೈಬ್ ತೆರೆದು, ರಿಫ್ರೆಶ್ ಒತ್ತಿ. ಪಟ್ಟಿ ದೊಡ್ಡದಿದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮಧ್ಯೆ ಮುಚ್ಚಬೇಡಿ.