ಬಾಟಮ್ ಸೈಡ್ ಪಾರ್ಟ್‌ಗಳು ಉಲ್ಟಾ ಬರೋದಕ್ಕೆ ಕಾರಣ
ಸರ್ಕ್ಯೂಟ್ ಬೋರ್ಡಿನ ಟಾಪ್ ಸರಿಯಿದೆ, ಬಾಟಮ್ ಪಾರ್ಟ್‌ಗಳೆಲ್ಲ ಎಡಬಲ ಅದಲುಬದಲಾಗಿವೆ ಅಂತ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಅಸೆಂಬ್ಲಿಯವರು ಫೈಲ್ ವಾಪಸ್ ಮಾಡಿದ್ದಾರೆ ಅಂದಿರಿ. ನಿಮ್ಮ ಡಿಸೈನ್ ತಪ್ಪಲ್ಲ. ಬೋರ್ಡ್ ಡಿಸೈನ್ ಸಾಫ್ಟ್‌ವೇರ್ ಆದ ಕಿಕ್ಯಾಡ್ ಎರಡೂ ಬದಿಯ ಎಕ್ಸ್ ಅಳತೆಯನ್ನು ಮೇಲಿನಿಂದ ನೋಡಿದ ಹಾಗೇ ಬರೆಯುತ್ತೆ, ಆದರೆ ಪಾರ್ಟ್ ಕೂರಿಸೋ ಮೆಷಿನ್‌ನಲ್ಲಿ ಬೋರ್ಡ್ ಮಗುಚಿರುತ್ತೆ. ಪೊಸಿಷನ್ ಫೈಲ್ (ಯಾವ ಪಾರ್ಟ್ ಎಲ್ಲಿ, ಯಾವ ಕೋನದಲ್ಲಿ ಅನ್ನೋ ಪಟ್ಟಿ) ತೆಗೆಯುವಾಗ ಬಾಟಮ್‌ಗೆ ನೆಗೆಟಿವ್ ಎಕ್ಸ್ ಅನ್ನೋ ಆಯ್ಕೆ ಇದೆ. ಟಿಕ್ ಮಾಡೋ ಮೊದಲು ಅವರನ್ನು ಕೇಳಿ. ಅವರ ಸಾಫ್ಟ್‌ವೇರೂ ಮಿರರ್ ಮಾಡಿದರೆ ಮತ್ತೆ ಉಲ್ಟಾ.

ಯೂನಿಟ್ ಮಿಲಿಮೀಟರ್ ಇರಲಿ. ಒರಿಜಿನ್ (ಅಳತೆ ಶುರುವಾಗೋ ಸೊನ್ನೆ ಬಿಂದು) ಬೋರ್ಡಿನ ಎಡ ಕೆಳಮೂಲೆಯಲ್ಲಿಟ್ಟು, ಬೋರ್ಡ್ ತಯಾರಿಕೆಗೆ ಕೊಡೋ ಗರ್ಬರ್ ಫೈಲ್‌ಗೂ ಅದನ್ನೇ ಬಳಸಿ.

ನಿಜವಾದ ತಲೆನೋವು ರೊಟೇಷನ್, ಅಂದರೆ ಪಾರ್ಟ್ ತಿರುಗಿರುವ ಕೋನ. ಕಿಕ್ಯಾಡ್ ಲೈಬ್ರರಿಯ 0 ಡಿಗ್ರಿಯೂ, ಪಾರ್ಟ್‌ಗಳು ಸುತ್ತಿ ಬರುವ ರೀಲ್ ಟೇಪಿನಲ್ಲಿ ಪಾರ್ಟ್ ಕೂತಿರುವ ದಿಕ್ಕೂ ಒಂದೇ ಆಗಿರಬೇಕಿಲ್ಲ. ರೆಸಿಸ್ಟರ್ 180 ಡಿಗ್ರಿ ತಿರುಗಿದರೂ ನಡೆಯುತ್ತೆ. ಡಯೋಡ್, ಐಸಿ ತಿರುಗಿದರೆ ಬೋರ್ಡ್ ಕೆಲಸ ಮಾಡಲ್ಲ. ಟ್ಯಾಂಟಲಮ್ ಕೆಪಾಸಿಟರ್ ಅಂತೂ ಸುಟ್ಟೇ ಹೋಗಬಹುದು. ಹಾಗಾಗಿ ಕ್ಯಾಥೋಡ್ ಗೆರೆ, ಪ್ಲಸ್ ಗುರುತು, ಪಿನ್ 1ರ ಚುಕ್ಕೆ ಸ್ಪಷ್ಟವಾಗಿ ಕಾಣುವ ಅಸೆಂಬ್ಲಿ ಡ್ರಾಯಿಂಗ್ ಪಿಡಿಎಫ್ ಕಡ್ಡಾಯವಾಗಿ ಜೊತೆಗಿಡಿ. ಮೊದಲ ಬೋರ್ಡ್ ರಿಫ್ಲೋ ಒಲೆಗೆ (ಬೆಸುಗೆ ಕರಗಿಸೋ ಒಲೆ) ಹೋಗೋ ಮುಂಚೆ ಫೋಟೋ ತರಿಸಿಕೊಳ್ಳಿ.

ಫಿಡ್ಯೂಷಿಯಲ್ (ಮೆಷಿನ್ ಕ್ಯಾಮೆರಾ ಬೋರ್ಡಿನ ಜಾಗ ಗುರುತಿಸೋ ಚುಕ್ಕೆ) ಬಾಟಮ್‌ನಲ್ಲೂ ಬೇಕು: 1 ಮಿಮೀ ವ್ಯಾಸದ ತಾಮ್ರದ ಚುಕ್ಕೆ, ಸುತ್ತ 2 ಮಿಮೀ ವ್ಯಾಸದ ಮಾಸ್ಕ್ ಓಪನಿಂಗ್ (ಬೋರ್ಡಿನ ಬಣ್ಣದ ಲೇಪನ ಇಲ್ಲದ ಜಾಗ), ಎದುರುಬದುರು ಮೂಲೆಗಳಲ್ಲಿ ಕನಿಷ್ಠ ಎರಡು.